ಲಿಫ್ಟಣ್ಣನ ಎರಡನೇ ಬಾಗಿಲು

ಮಾತು ಬಿಡುವುದರಲ್ಲಿ ಲಿಫ್ಟಣ್ಣನನ್ನು ಮೀರಿಸುವವರು ಆ ಬೀದಿಯಲ್ಲಿ ಹುಟ್ಟಿರಲಿಲ್ಲ. ಎದುರುಮನೆಯ ಟೈಲರನ ಜೊತೆ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾಕೆ ಬಿಟ್ಟದ್ದೆಂಬುದು ಟೈಲರನಿಗೂ ಮರೆತಿತ್ತು, ಇವನಿಗೂ ಮರೆತಿತ್ತು. ಬಿಟ್ಟದ್ದು ಮಾತ್ರ ಇಬ್ಬರಿಗೂ ಚೆನ್ನಾಗಿ ನೆನಪಿತ್ತು. ತಾನು ದುಡಿಯುವ ಕಂಪನಿಯ ಸ್ಟೋರ್‌ಕೀಪರನ ಜೊತೆಗೂ ಮಾತಿಲ್ಲ. ಬೇಕಾದ ಬಿಡಿಭಾಗವನ್ನು ಬೆರಳು ಮಾಡಿ ತೋರಿಸಿ ಇಸಿದುಕೊಂಡು ಬರುತ್ತಿದ್ದ. ಇಂಥವನು ಕೊನೆಗೆ ಹೆತ್ತ ಮಗಳ ಜೊತೆ, ಒಡಹುಟ್ಟಿದ ತಮ್ಮನ ಜೊತೆ ಒಂದೇ ದಿನ ಮಾತು ಬಿಟ್ಟ ಅಂದಾಗ ಯಾರೂ ಹೌಹಾರಲಿಲ್ಲ. ಸರದಿ ಮನೆಯವರಿಗೆ ಬಂತು ಅಂದುಕೊಂಡರು, ಅಷ್ಟೇ.

ಹುಟ್ಟಿದಾಗ ಇಟ್ಟ ಹೆಸರು ಬೇರೇನೋ ಇತ್ತು. ಆದರೆ ಮೀಸೆ ಮೂಡಿದಾಗಿನಿಂದ ಅದು ಬೆಳ್ಳಗಾಗುವವರೆಗೆ ಲಿಫ್ಟ್ ರಿಪೇರಿಯೇ ಕಸುಬಾಗಿದ್ದರಿಂದ ಎಲ್ಲರ ಬಾಯಲ್ಲೂ ಲಿಫ್ಟಣ್ಣನೇ ಆದ. ಕೆಲಸಗಾರ ಅಂದರೆ ಕೆಲಸಗಾರ. ಅದರಲ್ಲಿ ಎರಡು ಮಾತಿಲ್ಲ. ಹಗ್ಗ, ಗಾಲಿ, ಬ್ರೇಕು ಎಲ್ಲ ನೋಡಿ ಮುಗಿಸಿದ ಮೇಲೂ ಅವನಿಗೆ ಸಮಾಧಾನವಿಲ್ಲ. ತಾನೇ ಒಳಗೆ ಹೋಗಿ ನಿಂತು, ಬಾಗಿಲು ಹಾಕಿಸಿಕೊಂಡು, ಬುಡದಿಂದ ತುದಿಯವರೆಗೆ ಹೋಗಿ ಬಂದರೇನೇ ಸರಿಯಾಯಿತು ಅನ್ನುತ್ತಿದ್ದದ್ದು. "ಹೊರಗೆ ನಿಂತ್ಕೊಂಡು ಲಿಫ್ಟ್ ಸರಿ ಇದೆ ಅನ್ನೋನು ಮೆಕ್ಯಾನಿಕ್ ಅಲ್ಲ, ಕಣಿ ಹೇಳೋನು. ಒಳಗೆ ನಿಂತು ನೋಡ್ಬೇಕು" ಅನ್ನುವುದು ಅವನ ಸಿದ್ಧಾಂತ. ಆ ಸಿದ್ಧಾಂತದಿಂದ ಎಷ್ಟೋ ಜೀವ ಉಳಿದಿದ್ದೀತು. ಅವನ ಮನೆ ಹಾಳಾದದ್ದೂ ಅದರಿಂದಲೇ.

ಮನೆ ಎಂದರೆ ಅಪ್ಪ ಬಿಟ್ಟುಹೋದ ಎರಡಂತಸ್ತಿನ ಕಟ್ಟಡ. ಕೆಳಗೆ ಲಿಫ್ಟಣ್ಣ, ಮೇಲೆ ತಮ್ಮ ಮತ್ತು ತಮ್ಮನ ಹೆಂಡತಿ. ತಮ್ಮನದು ಕನ್ನಡಕದ ಅಂಗಡಿ. ಎದುರಿಗಿರುವವರ ಕಣ್ಣು ನೋಡಿ ಮೆಲ್ಲಗೆ ಮಾತಾಡುವ ಮನುಷ್ಯ. ಲಿಫ್ಟಣ್ಣನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಾಗ ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಳು. ಅವಳಿಗೆ ಜಡೆ ಹಾಕಿದ್ದು ಮೇಲಿನ ಚಿಕ್ಕಮ್ಮ, ಲೆಕ್ಕ ಹೇಳಿಕೊಟ್ಟದ್ದು ಚಿಕ್ಕಪ್ಪ. ಆಟಕ್ಕೆ ಮಾತ್ರ ಅಪ್ಪನೇ ಬೇಕು.

ಆ ಆಟ ಕಂಪ್ಯೂಟರಿನಲ್ಲಿ ಆಡುವಂಥದ್ದು. ಚೌಕ ಚೌಕ ಇಟ್ಟಿಗೆಗಳನ್ನು ಜೋಡಿಸಿ ಗುಡ್ಡ, ಹೊಳೆ, ಮನೆ, ಸೇತುವೆ ಏನು ಬೇಕಾದರೂ ಕಟ್ಟಬಹುದು. ಹಳಿ ಹಾಕಿ ಗಾಡಿ ಓಡಿಸಬಹುದು. ಮೊದಮೊದಲು "ಇದೇನಮ್ಮಾ ಇಟ್ಟಿಗೆ ಹೊರೋ ಕೆಲಸ, ಹೊರಗೆ ಮಾಡಿದ್ರೆ ಕೂಲಿನಾದ್ರೂ ಸಿಗುತ್ತೆ" ಎಂದು ಗೇಲಿ ಮಾಡಿದವನು, ಹಳಿ ಹಾಕುವ ಕೆಲಸ ಕಂಡದ್ದೇ ತಡ, ಮಗಳಿಗಿಂತ ಹೆಚ್ಚು ಹುಚ್ಚನಾದ. ಅಪ್ಪ ಹಳಿ ಹಾಕುವುದು, ಮಗಳು ಸ್ಟೇಷನ್ ಕಟ್ಟುವುದು. ಹೀಗೆ ಇಬ್ಬರೂ ಸೇರಿ ಒಂದು ದೊಡ್ಡ ಊರನ್ನೇ ಮಾಡಿಟ್ಟಿದ್ದರು. ಆ ಊರೆಲ್ಲ ಇದ್ದದ್ದು ಲಿಫ್ಟಣ್ಣನ ಕೋಣೆಯ ಮೂಲೆಯ ಹಳೆಯ ಕಂಪ್ಯೂಟರಿನೊಳಗೆ. ಅದು ಆರಿದರೆ ಊರೂ ಆರಿತು.

ಮಗಳು ಓದು ಮುಗಿಸಿ, ದೂರದ ಊರಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಹಿಡಿದು ಹೊರಡುವ ಮುಂಚೆ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೂಟರಿನ ಡಬ್ಬಿ ತೋರಿಸಿದ್ದಳು.

"ಅಪ್ಪಾ, ಇದು ಗೇಟಿನ ಕಾವಲುಗಾರ ಇದ್ದ ಹಾಗೆ. ಒಳಗಿನವರು ಹೊರಗೆ ಹೋದ್ರೆ ಸುಮ್ನೆ ಬಿಡುತ್ತೆ. ಹೊರಗಿಂದ ಯಾರಾದ್ರೂ ಬಂದ್ರೆ, ಯಾರು ನೀನು, ನಡಿ ಆಚೆ ಅಂತ ಅಟ್ಟುತ್ತೆ. ಅದಕ್ಕೆ ಮೊದ್ಲೇ ಹೇಳಿಡ್ಬೇಕು. ಈ ಪೋರ್ಟ್ ನಂಬರ್ ಹೇಳ್ಕೊಂಡು ಬಂದವರನ್ನ ತಡೀಬೇಡ, ನೇರ ನಮ್ಮಪ್ಪನ ಕಂಪ್ಯೂಟರ್ ಹತ್ರ ಕಳಿಸು ಅಂತ."

"ನನ್ನ ಹತ್ರ ಯಾರು ಬರ್ತಾರೆ?"

"ನಾನು ಬರ್ತೀನಿ. ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ. ನೀನು ಹಳಿ ತಪ್ಪು ಹಾಕಿದ್ರೆ ನೋಡೋರು ಬೇಡ್ವಾ?"

ಅಪ್ಪನ ಫೋನಿನಲ್ಲೂ ಆಟ ಹಾಕಿ, ಒಳಗೆ ಹೋಗಲು ಎರಡು ಗುಂಡಿ ಮಾಡಿಟ್ಟಳು. ಒಂದಕ್ಕೆ 'ಮನೆ' ಎಂದು ಹೆಸರು, ಇನ್ನೊಂದಕ್ಕೆ 'ಹೊರಗೆ' ಎಂದು. ಮನೆಯಲ್ಲಿದ್ದಾಗ ಇದು, ಹೊರಗಿದ್ದಾಗ ಅದು. ಲಿಫ್ಟಣ್ಣ ಎರಡನೆಯದನ್ನು ಒಮ್ಮೆಯೂ ಒತ್ತಿರಲಿಲ್ಲ. ಹೊರಗಿದ್ದಾಗ ಅವನಿಗೆ ಕೆಲಸ, ಆಟ ಮನೆಯಲ್ಲಿ.

ಆಮೇಲೆ ಜಗಳ ಬಂತು. ಮಗಳು ತನ್ನ ಜೊತೆ ಕೆಲಸ ಮಾಡುವ ಒಬ್ಬನನ್ನು ಮೆಚ್ಚಿ, ರಿಜಿಸ್ಟರ್ ಮದುವೆಯಾಗಿ, ಆಮೇಲೆ ಅಪ್ಪನಿಗೆ ಹೇಳಿದಳು. ಹುಡುಗ ಒಳ್ಳೆಯವನೇ, ಲಿಫ್ಟಣ್ಣನಿಗೂ ಅದು ಒಳಗೊಳಗೆ ಗೊತ್ತು. ಅವನ ಹೊಟ್ಟೆ ಉರಿಸಿದ್ದು ಬೇರೆ. ಆ ಮದುವೆಗೆ ಸಾಕ್ಷಿ ಸಹಿ ಹಾಕಿದ್ದವನು ಅವನ ಸ್ವಂತ ತಮ್ಮ! ಹೆತ್ತವನಿಗಿಂತ ಮೊದಲು ಮೇಲಿನ ಮನೆಗೆ ಸುದ್ದಿ ಗೊತ್ತಿತ್ತು.

"ನಿನಗೆ ಹೇಳೋಕೆ ಭಯ ಆಯ್ತಪ್ಪ" ಅಂದಳು ಮಗಳು.

"ಭಯ ಆಯ್ತಾ? ಸರಿ. ಇನ್ಮೇಲೆ ಭಯ ಬೇಡ. ನಿನ್ನ ಜೊತೆ ಇನ್ನೊಂದು ಮಾತಾಡಿದ್ರೆ ನಾನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ." ತಮ್ಮನ ಕಡೆ ತಿರುಗಿ, "ನಿನಗೂ ಅದೇ" ಅಂದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದಿನಿಂದ ಫೋನು ಬಂದ್. ಮೇಲಿನವರ ಜೊತೆಗೂ ಬಂದ್. ತಮ್ಮನ ಹೆಂಡತಿಯೊಬ್ಬಳು ಮಾತ್ರ, ಈ ಅಣ್ಣತಮ್ಮಂದಿರ ಹಟಕ್ಕೆ ತಾನೇಕೆ ಬಾಯಿ ಹೊಲಿದುಕೊಳ್ಳಬೇಕೆಂದು, ಕೆಳಗೆ ಬಂದಾಗಲೆಲ್ಲ ಭಾವನನ್ನು ಮಾತಾಡಿಸುತ್ತಿದ್ದಳು. ಅವನು ಹೂಂ ಉಹೂಂ ಅನ್ನುತ್ತಿದ್ದ. ಮನೆಗೆಲ್ಲ ಒಂದೇ ಇಂಟರ್ನೆಟ್ ಲೈನು. ಅದು ಮೇಲಿನ ಮನೆಗೆ ಬಂದು, ಅಲ್ಲಿನ ಕಿಟಕಿಯಿಂದ ಒಂದು ತಂತಿಯಾಗಿ ಇಳಿದು, ಕೆಳಗಿನ ಲಿಫ್ಟಣ್ಣನ ರೂಟರಿಗೆ ಸೇರುತ್ತಿತ್ತು. ಮಾತು ಕಡಿದುಕೊಂಡವರು ಆ ತಂತಿಯನ್ನೇನೂ ಕಡಿಯಲಿಲ್ಲ.

ಜಗಳವಾದ ಮೊದಲ ಭಾನುವಾರ ಊಟವಾದ ಮೇಲೆ ಲಿಫ್ಟಣ್ಣ ಸುಮ್ಮನೆ ಕಂಪ್ಯೂಟರಿನ ಮುಂದೆ ಕೂತಿದ್ದ. ನೋಡುತ್ತಾನೆ, ಆಟದೊಳಗೆ ಮಗಳು ಆಡಿಸುವ ಗೊಂಬೆ ಹಳಿಯ ಪಕ್ಕ ನಡೆದು ಬರುತ್ತಿದೆ. ಬಂದದ್ದು ಏನೂ ಹೇಳಲಿಲ್ಲ. ಇವನೂ ಹೇಳಲಿಲ್ಲ. ಆಟದಲ್ಲಿ ಮಾತು ಬರೆಯುವ ಜಾಗವಿತ್ತು. ಇಬ್ಬರೂ ಅದರ ಗೋಜಿಗೆ ಹೋಗಲಿಲ್ಲ. ಇವನು ಹಳಿ ಇಟ್ಟ, ಅವಳು ಪಕ್ಕದಲ್ಲಿ ದೀಪ ನೆಟ್ಟಳು. ಆಣೆ ಇಟ್ಟದ್ದು ಮಾತಾಡುವುದಿಲ್ಲವೆಂದು ತಾನೇ? ಹಳಿ ಹಾಕುವುದಿಲ್ಲವೆಂದು ಆಣೆ ಇಟ್ಟಿರಲಿಲ್ಲವಲ್ಲ! ಅಂದಿನಿಂದ ಭಾನುವಾರ ತಪ್ಪಿದ್ದಿಲ್ಲ. ಯಾರಿಗೂ ಹೇಳಿದ್ದಿಲ್ಲ. ಹಳಿಯ ಕೊನೆಯಲ್ಲಿ ಅವಳೊಂದು ಹೊಸ ಸ್ಟೇಷನ್ ಕಟ್ಟಿದಳು. ಕೆಂಪು ಚಾವಣಿ, ಓಡದ ಒಂದು ಗಡಿಯಾರ, ಇಬ್ಬರು ಕೂರುವಷ್ಟು ಒಂದು ಬೆಂಚು. ಕೆಲಸ ಮುಗಿದ ಮೇಲೆ ಎರಡೂ ಗೊಂಬೆಗಳು ಆ ಬೆಂಚಿನ ಮೇಲೆ ಕೂತು ಗಾಡಿ ಬರುವುದನ್ನು ನೋಡುತ್ತಿದ್ದವು. ವಾರವಿಡೀ ಲಿಫ್ಟಿನ ಕತ್ತಲೆ ಗುಂಡಿಯಲ್ಲಿ ಗ್ರೀಸು ಮೆತ್ತಿಕೊಂಡು ದುಡಿಯುವ ಆ ಮುಂಗೋಪಿ, ಆ ಅರ್ಧ ಗಳಿಗೆಗಾಗಿಯೇ ಬದುಕಿದ್ದ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಗಳು ಬರಲಿಲ್ಲ.

ಲಿಫ್ಟಣ್ಣ ಚಹಾ ಆರುವವರೆಗೂ ಕಾದ. ಲೈನಿನಲ್ಲಿ ಏನೋ ಕೆಟ್ಟಿರಬೇಕೆಂದು ತನ್ನ ರೂಟರಿನ ಪುಟ ತೆರೆದು ನೋಡಿದ. ಮಗಳು ಬರೆದಿಟ್ಟಿದ್ದ ಪೋರ್ಟ್ ಸಂಖ್ಯೆ, ಅದರ ಮುಂದೆ ತನ್ನ ಕಂಪ್ಯೂಟರಿನ ವಿಳಾಸ, ಪಕ್ಕದಲ್ಲಿ ಹಸಿರು ಗುರುತು. ಎಲ್ಲ ಇದ್ದಲ್ಲೇ ಇತ್ತು. ಆದರೂ ಕಣ್ಣಿನಿಂದ ನೋಡಿ ನಂಬುವ ಆಸಾಮಿಯಲ್ಲವಲ್ಲ ಇವನು. ಫೋನು ತೆಗೆದುಕೊಂಡು, ಕುರ್ಚಿಯಲ್ಲಿ ಕೂತಲ್ಲೇ 'ಮನೆ' ಗುಂಡಿ ಒತ್ತಿದ. ಸಲೀಸಾಗಿ ಒಳಗೆ ಹೋಯಿತು. ಗುಡ್ಡ ಇತ್ತು, ಹಳಿ ಇತ್ತು, ಸ್ಟೇಷನ್ ಇತ್ತು. ಬಾಗಿಲು ಸರಿಯಾಗಿದೆ. ಹಾಗಾದರೆ ಅವಳಿಗೆ ಆಸ್ಪತ್ರೆಯಲ್ಲಿ ಹೆಚ್ಚಿನ ಡ್ಯೂಟಿ ಬಿದ್ದಿರಬೇಕು.

ಮುಂದಿನ ಭಾನುವಾರವೂ ಇಲ್ಲ. ಇವನು ರೂಟರನ್ನು ಆರಿಸಿ ಹಚ್ಚಿದ. ತಂತಿ ಕಿತ್ತು ಹೊಸ ತಂತಿ ಹಾಕಿದ. ಕಂಪ್ಯೂಟರಿನ ಒಳಗಿನ ಕಾವಲು ತಂತ್ರಾಂಶ ಅಡ್ಡ ಬರುತ್ತಿದೆಯೇನೋ ಎಂದು ಅದನ್ನೂ ತಡಕಿದ. ಬರೆದಿದ್ದ ಪೋರ್ಟನ್ನು ಅಳಿಸಿ ಮತ್ತೆ ಬರೆದ. ಒಂದೊಂದು ಕೆಲಸ ಮುಗಿದಾಗಲೂ ಕೋಣೆಯಲ್ಲೇ ಕೂತು 'ಮನೆ' ಒತ್ತಿ ನೋಡಿದ. ಪ್ರತಿ ಸಲವೂ ಬಾಗಿಲು ತೆರೆಯಿತು. ಅಲ್ಲ ಪುಣ್ಯಾತ್ಮ, ಮನೆಯೊಳಗೆ ಕೂತು ಬಾಗಿಲು ತಳ್ಳಿದರೆ, ಹೊರಗಿನವರಿಗೆ ಅದು ತೆರೆದಿದೆಯೋ ಇಲ್ಲವೋ ಹೇಗೆ ಗೊತ್ತಾಗಬೇಕು? ಹೊರಗೆ ಹೋಗಿ ತಟ್ಟಿ ನೋಡಬೇಡವೇ? ಆದರೆ ಒಳಗೆ ನಿಂತು ನೋಡುವುದೇ ಪರೀಕ್ಷೆಯೆಂದು ಇಡೀ ಜನ್ಮ ನಂಬಿಕೊಂಡು ಬಂದವನಿಗೆ ಅದು ಹೊಳೆಯಲೇ ಇಲ್ಲ.

ಆ ವಾರ ತಮ್ಮನ ಹೆಂಡತಿ ಒಣಗಿದ ಬಟ್ಟೆ ಎತ್ತಿಕೊಳ್ಳಲು ಹಿತ್ತಲಿಗೆ ಬಂದವಳು ಕಿಟಕಿಯ ಹತ್ತಿರ ನಿಂತಳು.

"ಭಾವ, ನಿನ್ನೆ ಅವಳು ಫೋನ್ ಮಾಡಿದ್ಲು. ಚೆನ್ನಾಗಿದ್ದಾಳೆ."

ಲಿಫ್ಟಣ್ಣ ತಲೆ ಎತ್ತಲಿಲ್ಲ. ಚೆನ್ನಾಗಿದ್ದಾಳೆ. ಹಾಗಾದರೆ ಕಾಯಿಲೆಯಲ್ಲ, ಡ್ಯೂಟಿಯಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡುವಷ್ಟು ಪುರಸೊತ್ತಿದೆ.

"ನಿಮ್ಮ ಕಂಪ್ಯೂಟರ್ ವಿಷಯ ಏನೋ ಕೇಳ್ತಿದ್ಲು..."

"ಅವಳ ಸುದ್ದಿ ನನ್ನ ಮುಂದೆ ಎತ್ತಬೇಡಮ್ಮ."

"ಅಯ್ಯೋ, ಪೂರ್ತಿ ಕೇಳಿಸ್ಕೊಳ್ಳಿ ಭಾವ—"

"ಎತ್ತಬೇಡ ಅಂದೆ!"

ಅವಳು ಬಟ್ಟೆಯ ಗಂಟು ಎದೆಗವುಚಿಕೊಂಡು ಹೋಗಿಬಿಟ್ಟಳು. ಇನ್ನು ನಾಲ್ಕು ಮಾತು ಕಿವಿಗೆ ಹಾಕಿಕೊಂಡಿದ್ದರೆ ಈ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ನಾಲ್ಕನೆಯ ಕಾಲು ತೋರಿಸುವವರು ಯಾರು?

ಮೂರನೆಯ ಭಾನುವಾರ ಅವನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಕೂತ, ಎದ್ದ, ಮತ್ತೆ ಕೂತ. ಬಾಗಿಲು ತೆರೆದೇ ಇದೆ, ಬಾರದವಳು ಅವಳೇ. ಗಂಡ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲ ಬೇಕು. ಅಪ್ಪನ ಬೆಂಚು ಬೇಸರವಾಯಿತು. ಇಷ್ಟು ದಿನ ಬಂದದ್ದಾದರೂ ಕನಿಕರಕ್ಕೆ ಬಂದದ್ದಿರಬೇಕು, ಮುದುಕ ಒಂಟಿ ಕೂತಿರುತ್ತಾನೆ ಅಂತ. ಹೀಗೆ ಯೋಚನೆ ಒಂದಕ್ಕೊಂದು ಸೇರಿ ಕುದಿಯಿತು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ. ಸಂಜೆಯ ಹೊತ್ತಿಗೆ ಅವನು ತನ್ನ ಗೊಂಬೆಯನ್ನು ಹಳಿಯ ಕೊನೆಗೆ ನಡೆಸಿಕೊಂಡು ಹೋದ. ಗುಡ್ಡ ಸೀಳಲೆಂದು ಇಬ್ಬರೂ ಕೂಡಿಟ್ಟಿದ್ದ ಸಿಡಿಮದ್ದನ್ನು ಬೆಂಚಿನ ಕೆಳಗಿಟ್ಟ, ಗಡಿಯಾರದ ಕೆಳಗಿಟ್ಟ, ಕೆಂಪು ಚಾವಣಿಯ ನಾಲ್ಕು ಮೂಲೆಗಿಟ್ಟ. ಬೆಂಕಿ ಹಚ್ಚಿದ.

ಹೊಗೆ ಕರಗಿದಾಗ ಅಲ್ಲಿ ಒಂದು ಗುಂಡಿ ಇತ್ತು. ಹಿಂದೆಂದೋ ತೆಗೆದಿಟ್ಟಿದ್ದ ಊರಿನ ನಕಲು ಪ್ರತಿಯನ್ನೂ, ನಾಳೆ ಮನಸ್ಸು ಮೆತ್ತಗಾದೀತೆಂದು, ಅದೇ ಸಿಟ್ಟಿನಲ್ಲಿ ಅಳಿಸಿಹಾಕಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇವನು ಬರೆ ಎಳೆದ ಮೇಲೆ ಕೈ ತೊಳೆದುಕೊಂಡು, ಅಬ್ಬಾ, ನಿರಾಳವಾಯಿತು ಅಂದುಕೊಂಡ.

ನಿರಾಳವೇನೂ ಆಗಿರಲಿಲ್ಲ. ಆ ವಾರ ಒಂದು ಕಚೇರಿ ಕಟ್ಟಡದಿಂದ ದೂರು ಬಂತು. ಒಂದು ಮಹಡಿಯಲ್ಲಿ ಲಿಫ್ಟ್ ಬಂದು ನಿಲ್ಲುತ್ತದೆ, ಆದರೆ ಜನರಿಗೆ ಹತ್ತಲು ಆಗುತ್ತಿಲ್ಲ. ಲಿಫ್ಟಣ್ಣ ಎಂದಿನಂತೆ ಕೆಳಗಿನಿಂದ ಹತ್ತಿ ಒಳಗೆ ನಿಂತ. ಡಬ್ಬಿಯ ಒಳಬಾಗಿಲು ಬೆಣ್ಣೆಯಲ್ಲಿ ಕೂದಲು ಎಳೆದಂತೆ ತೆರೆಯುತ್ತದೆ. ಅದರಾಚೆ ಮಹಡಿಯ ಬಾಗಿಲು ಮಾತ್ರ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಅದರ ಕೊಕ್ಕೆ ಹಿಡಿದುಕೊಂಡುಬಿಟ್ಟಿದೆ. ಆಚೆ ನಿಂತವರು ಗುಂಡಿ ಒತ್ತುತ್ತಲೇ ಇದ್ದಾರೆ, ಬಾಗಿಲು ಬಡಿಯುತ್ತಲೇ ಇದ್ದಾರೆ. ಕರೆಂಟು ತೆಗೆಸಲು ಕಟ್ಟಡದ ಎಲೆಕ್ಟ್ರಿಷಿಯನ್ ಬರಬೇಕಿತ್ತು. ಲಿಫ್ಟಣ್ಣ ಮೆಟ್ಟಿಲ ಮೇಲೆ ಕೂತು ಕಾಯುತ್ತ ಫೋನು ತೆಗೆದ. ಹಲ್ಲು ಕಿತ್ತ ಜಾಗಕ್ಕೆ ನಾಲಗೆ ಹೋಗುವ ಹಾಗೆ, ಸ್ಟೇಷನ್ ಸಿಡಿದು ಆದ ಆ ಗುಂಡಿಯನ್ನು ಒಮ್ಮೆ ನೋಡಬೇಕು ಅನ್ನಿಸಿತ್ತು. ಈಗ ಮನೆಯಲ್ಲಿಲ್ಲವಲ್ಲ, ಅದಕ್ಕೆ 'ಹೊರಗೆ' ಅನ್ನುವುದನ್ನು ಒತ್ತಿದ, ಜೀವಮಾನದಲ್ಲಿ ಮೊದಲ ಸಲ.

ಸುತ್ತಿತು, ಸುತ್ತಿತು, ಸಂಪರ್ಕ ಸಿಗಲಿಲ್ಲ ಅಂದಿತು.

ಮತ್ತೆ ಒತ್ತಿದ. ಅದೇ. ಮತ್ತೆ ಒತ್ತಿದ. ಮೇಲೆ ಮಹಡಿಯಲ್ಲಿ ಯಾರೋ ಲಿಫ್ಟಿನ ಬಾಗಿಲನ್ನು ಅಂಗೈಯಿಂದ ಬಡಿಯುತ್ತ, "ಒಳಗೆ ಯಾರಾದ್ರೂ ಇದ್ದೀರೇನ್ರೀ?" ಎಂದು ಕೂಗುತ್ತಿದ್ದರು. ಲಿಫ್ಟಣ್ಣ ಒತ್ತುವುದನ್ನು ಬಿಟ್ಟು ಮೇಲೆ ನೋಡಿದ. ಲಿಫ್ಟಿಗೆ ಬಾಗಿಲು ಎರಡು. ಒಳಗಿನದು ತೆರೆದರೆ ಹೊರಗಿನದೂ ತೆರೆದಂತಲ್ಲ. ಇದನ್ನು ಕಸುಬು ಕಲಿತ ಮೊದಲ ದಿನದಿಂದ ಬಲ್ಲವನು ಅವನು. ಹೊಸಬರಿಗೆ ಬೈದು ಬೈದು ಹೇಳಿಕೊಟ್ಟವನು. ತನ್ನ ಮನೆಯಲ್ಲಿ ಮಾತ್ರ ಒಂದೇ ಬಾಗಿಲನ್ನು ಮೂರು ವಾರ ತಳ್ಳಿ ನೋಡುತ್ತ ಕೂತಿದ್ದ.

ಕೆಲಸ ಮುಗಿಸಿದವನು ಬಸ್ಸಿಗೂ ಕಾಯದೆ ನಡೆದೇ ಮನೆಗೆ ಬಂದ. ಕೆಳಗಿನ ಬೀಗ ತೆಗೆಯಲಿಲ್ಲ. ನೇರ ಮೇಲಿನ ಮೆಟ್ಟಿಲು ಹತ್ತಿದ. ಜಗಳವಾದ ಮೇಲೆ ಅವನು ಆ ಮೆಟ್ಟಿಲು ತುಳಿದಿರಲಿಲ್ಲ. ಬಾಗಿಲು ತೆರೆದ ತಮ್ಮನ ಹೆಂಡತಿ ಯಾರೋ ಸತ್ತ ಸುದ್ದಿ ಬಂತೇನೋ ಎಂದು ಗಾಬರಿಯಾದಳು. ನಡುಮನೆಯ ಗೋಡೆಯ ಮೇಲೆ, ಹಳೆಯ ಸಣ್ಣ ಡಬ್ಬಿ ಇದ್ದ ಜಾಗದಲ್ಲಿ, ಕೊಂಬಿನಂಥ ನಾಲ್ಕು ಕಡ್ಡಿಗಳಿರುವ ಹೊಸ ಡಬ್ಬಿಯೊಂದು ದೀಪ ಮಿಟುಕಿಸುತ್ತಿತ್ತು.

"ಇದು ಯಾವಾಗ ಬಂತು?" ಅಂದ ಲಿಫ್ಟಣ್ಣ, ತಮ್ಮನನ್ನು ನೋಡಿ. ಆಣೆ ಮುರಿಯಿತೆಂಬುದು ಅವನಿಗೆ ಹೊಳೆಯಲೂ ಇಲ್ಲ.

ಸೋಫಾದಲ್ಲಿದ್ದ ತಮ್ಮ ಎದ್ದು ನಿಂತ. ಕನ್ನಡಕ ತೆಗೆದು ಒರೆಸಿಕೊಂಡ. "ಹತ್ತಿರ ಹತ್ತಿರ ಒಂದು ತಿಂಗಳಾಯ್ತಲ್ಲ ಅಣ್ಣ. ಲೈನಿನವರು ಹಳೇದು ತೆಗೆದು ಇದನ್ನ ಹಾಕಿ ಹೋದ್ರು. ನಿನಗೆ ಹೇಳೋಣ ಅಂದ್ರೆ, ನೀನು..."

ಹಳೆಯ ಡಬ್ಬಿ ಸುಮ್ಮನೆ ದಾರಿ ಬಿಡುವಂಥದ್ದು. ಹೊಸದು ತಾನೇ ಒಬ್ಬ ಕಾವಲುಗಾರ. ಈಗ ಮನೆಗೆ ಇಬ್ಬರು ಕಾವಲುಗಾರರು, ಮೇಲೊಬ್ಬ, ಕೆಳಗೊಬ್ಬ. ಕೆಳಗಿನವನಿಗೆ ಮಗಳು ಹೇಳಿಟ್ಟಿದ್ದಳು. ಮೇಲಿನವನಿಗೆ ಯಾರೂ ಹೇಳಿರಲಿಲ್ಲ. ಬಂದವಳನ್ನು ಅವನು ಮೇಲಿಂದ ಮೇಲೆಯೇ ಅಟ್ಟುತ್ತಿದ್ದ.

"ಅದಕ್ಕೇ ಅವಳಿಗೆ ಒಳಗೆ ಬರೋಕಾಗ್ತಿಲ್ಲ" ಅಂದ ಲಿಫ್ಟಣ್ಣ, ತನಗೇ ಹೇಳಿಕೊಳ್ಳುವಂತೆ.

"ಹಾಗಾದ್ರೆ ನೀವು ಅಪ್ಪ ಮಗಳು ಆಡ್ತಿದ್ದದ್ದು ನಿಜ!" ಅಂದಳು ತಮ್ಮನ ಹೆಂಡತಿ. "ಅದನ್ನೇ ಭಾವ ನಾನು ಅವತ್ತು ಹೇಳೋಕೆ ಬಂದದ್ದು. ಅಪ್ಪನ ಕಂಪ್ಯೂಟರ್ ಕೆಟ್ಟಿದೆಯಾ ಚಿಕ್ಕಮ್ಮ, ಬಾಗಿಲೇ ತೆರೀತಿಲ್ಲ ಅಂತ ಕೇಳಿದ್ಲು. ನನಗೆ ಅದೇನೂ ತಿಳಿಯಲ್ಲ. ಕೆಟ್ಟಿರ್ಬೇಕು ಕಣೇ, ಇಲ್ದಿದ್ರೆ ನಿಮ್ಮಪ್ಪ ಯಾಕೆ ಬಾಗಿಲು ಹಾಕ್ತಾರೆ ಅಂದೆ. ಪಾಪ, ಪ್ರತಿ ಭಾನುವಾರ ನೋಡ್ತಾನೇ ಇದ್ದಾಳಂತೆ."

ಲಿಫ್ಟಣ್ಣ ಹೊಸ ಡಬ್ಬಿಯ ಕಡೆ ತಿರುಗಿದ. ಪ್ರತಿ ಭಾನುವಾರ. ಅವನು ಸಿಡಿಮದ್ದು ಇಡುತ್ತಿದ್ದ ಹೊತ್ತಿನಲ್ಲೂ ಅವಳು ಹೊರಗೆ ನಿಂತು ತಟ್ಟುತ್ತಿದ್ದಿರಬೇಕು.

ತಮ್ಮ ಒಳಗೆ ಹೋದ. ಲ್ಯಾಪ್‌ಟಾಪ್ ತಂದು ಅಣ್ಣನ ಮುಂದಿಟ್ಟು, ಹೊಸ ಡಬ್ಬಿಯ ಪುಟ ತೆರೆದು ಕೊಟ್ಟ. ಅಣ್ಣ ಪೋರ್ಟ್ ಸಂಖ್ಯೆ ಹೇಳಿದ, ತಮ್ಮ ಬರೆದ. ಈ ಸಂಖ್ಯೆ ಕೇಳಿ ಬಂದವರನ್ನು ಕೆಳಗಿನ ಡಬ್ಬಿಗೆ ಕಳಿಸು. ಅಷ್ಟೇ ಕೆಲಸ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ಹಿಡಿಯಿತು. ಮೂರು ವಾರದ ಕುದಿತಕ್ಕೆ ಮದ್ದು ತಲೆಯ ಮೇಲಿನ ಮಹಡಿಯಲ್ಲೇ ಇತ್ತು. ಕೇಳುವ ಬಾಯಿ ಮಾತ್ರ ಇರಲಿಲ್ಲ. ಡಬ್ಬಿ ಒಮ್ಮೆ ಆರಿ ಮತ್ತೆ ಹತ್ತುತ್ತಿತ್ತು. ತಮ್ಮನ ಹೆಂಡತಿ ಆಗಲೇ ಫೋನು ಕೈಗೆತ್ತಿಕೊಂಡಿದ್ದಳು.

"ತಡಿ" ಅಂದ ಲಿಫ್ಟಣ್ಣ.

"ಯಾಕೆ ಭಾವ?"

ಯಾಕೆ? ಇನ್ನೂ ಕರೀಬೇಡಮ್ಮ, ಅವಳ ಸ್ಟೇಷನ್ನನ್ನ ನಾನು ಕೈಯಾರೆ ಒಡೆದಿದ್ದೀನಿ, ಒಂದು ದಿನ ಕೊಡು, ನೆನಪು ಮಾಡಿಕೊಂಡು ಮತ್ತೆ ಕಟ್ಟಿಬಿಡ್ತೀನಿ. ಇಷ್ಟು ಹೇಳಬೇಕಿತ್ತು. ಹೇಳಿದ್ದರೆ ಅವಳು ನಗುತ್ತಿದ್ದಳೋ ಬೈಯುತ್ತಿದ್ದಳೋ, ಕರೆಯುತ್ತಂತೂ ಇರಲಿಲ್ಲ. ಆದರೆ ತಮ್ಮ ಎದುರಿಗೆ ಕೂತಿದ್ದ. ತಮ್ಮನ ಮುಂದೆ ಅದನ್ನು ಒಪ್ಪಿಕೊಳ್ಳಲು ನಾಲಗೆ ಹೊರಳಲಿಲ್ಲ. ಬೇಡದಲ್ಲೆಲ್ಲ ಆಡಿದ ನಾಲಗೆ ಬೇಕಾದಾಗ ಕೈಕೊಟ್ಟಿತು.

"ಏನಿಲ್ಲ. ಮೊದ್ಲು ನಾನು ಹೊರಗೆ ಹೋಗಿ ನೋಡ್ತೀನಿ. ಆಮೇಲೆ" ಎಂದು ಗೊಣಗಿ ಮೆಟ್ಟಿಲಿಳಿದ.

ಬೀದಿಯ ತಿರುವಿನವರೆಗೆ ಹೋಗಿ, ಮನೆಯ ವೈಫೈ ಆರಿಸಿ, 'ಹೊರಗೆ' ಒತ್ತಿದ. ಸುತ್ತಿತು. ತೆರೆಯಿತು! ತನ್ನದೇ ಊರಿಗೆ ಪರಸ್ಥಳದವನಂತೆ ಹೊರಗಿನಿಂದ ಬಂದು ನಿಂತ ಲಿಫ್ಟಣ್ಣ, ಗೊಂಬೆಯನ್ನು ಹಳಿಯ ಗುಂಟ ಓಡಿಸಿದ. ಮೊದಲು ಗುಂಡಿ ಮುಚ್ಚಬೇಕು. ಆಮೇಲೆ ಚಾವಣಿ. ಕೆಂಪು ಇಟ್ಟಿಗೆ ಎಲ್ಲಿಟ್ಟಿದ್ದೆ? ಫೋನಿನ ಪುಟ್ಟ ಪರದೆಯ ಮೇಲೆ ಗ್ರೀಸಿನ ಬೆರಳು ಜಾರುತ್ತಿತ್ತು. ಆಗ ಹಿಂದಿನಿಂದ, ಮೇಲಿನ ಮನೆಯ ಬಾಲ್ಕನಿಯಿಂದ, ತಮ್ಮನ ಹೆಂಡತಿಯ ದನಿ ಇಡೀ ಬೀದಿಗೆ ಕೇಳುವ ಹಾಗೆ ಬಂತು.

"ಹೂಂ ಕಣೇ, ಕೆಟ್ಟಿದ್ದದ್ದೇ! ನಿಮ್ಮಪ್ಪ ತಾವೇ ಮೇಲೆ ಹತ್ತಿ ಬಂದು ಸರಿ ಮಾಡಿದ್ರು. ನಿನಗೋಸ್ಕರ ಕಣೇ! ಹೋಗು, ಈಗ್ಲೇ ಹೋಗಿ ನೋಡು!"

ಒಳ್ಳೆಯ ಹೆಂಗಸು. ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಆಗಲಿಲ್ಲ ಅವಳಿಗೆ. ಅವಳನ್ನು ಬೈದು ಏನು ಪ್ರಯೋಜನ?

ಲಿಫ್ಟಣ್ಣ ಎರಡು ಇಟ್ಟಿಗೆ ಇಟ್ಟಿದ್ದ, ಅಷ್ಟೇ. ಮಗಳ ಗೊಂಬೆ ಹಳಿಯ ಮೇಲೆ ಓಡೋಡಿ ಬಂತು. ಎಂದೂ ನಡೆದೇ ಬರುತ್ತಿದ್ದದ್ದು ಇವತ್ತು ಓಡಿ ಬಂತು. ಇವನನ್ನು ಕಂಡು ಒಂದು ಸಲ ಕುಪ್ಪಳಿಸಿತು. ಆಮೇಲೆ ಹಳಿ ಎಲ್ಲಿ ಮುಗಿದಿತ್ತೋ ಅಲ್ಲಿ ನಿಂತಿತು. ಗುಂಡಿಯ ಅಂಚಿಗೆ ಬಂದು ಕೆಳಗೆ ನೋಡಿತು. ಸುತ್ತ ಒಂದು ಸುತ್ತು ಬಂತು. ಚಾವಣಿಯ ಒಂದು ಕೆಂಪು ಚೂರು ಹುಲ್ಲಿನಲ್ಲಿ ಬಿದ್ದಿತ್ತು. ಅದರ ಹತ್ತಿರ ಸ್ವಲ್ಪ ಹೊತ್ತು ನಿಂತಿತು. ಈ ಊರಿಗೆ ಬೀಗದ ಕೈ ಇದ್ದದ್ದು ಇಬ್ಬರಿಗೇ. ತಾನು ಒಡೆಯಲಿಲ್ಲವೆಂದು ಅವಳಿಗೆ ಗೊತ್ತು.

ಲಿಫ್ಟಣ್ಣ ಗಡಿಬಿಡಿಯಲ್ಲಿ ಇನ್ನೊಂದು ಇಟ್ಟಿಗೆ ಇಟ್ಟ. ಅದು ಕೆಂಪಲ್ಲ, ಬೇರೆ ಯಾವುದೋ ಬಣ್ಣ. ಅವಳ ಗೊಂಬೆ ಇವನ ಕಡೆ ತಿರುಗಿ ನೋಡಿತು. ಮರುಕ್ಷಣ ಅಲ್ಲಿ ಯಾರೂ ಇರಲಿಲ್ಲ.

ನಡುಬೀದಿಯಲ್ಲಿ ನಿಂತು ಅವನು ಮಗಳಿಗೆ ಫೋನ್ ಮಾಡಿದ. ಯಾರಪ್ಪನಿಗೆ ಹುಟ್ಟಿದರೇನು, ಆಣೆ ಸುಡಲಿ! ಬಹಳ ಹೊತ್ತು ಬಡಿದುಕೊಂಡ ಮೇಲೆ ಅವಳು ಎತ್ತಿದಳು.

"ನಾನಮ್ಮ, ಅಪ್ಪ."

"ಗೊತ್ತಾಯ್ತು, ಹೇಳಿ."

ಹೇಳಿ. ಹುಟ್ಟಿದಾಗಿನಿಂದ ಅವನನ್ನು ನೀನು ಎಂದೇ ಕರೆದವಳು.

"ಕೆಟ್ಟಿತ್ತಮ್ಮ. ಆಣೆಗೂ ಕೆಟ್ಟಿತ್ತು. ಮೇಲೆ ಹೊಸ ಡಬ್ಬಿ ಹಾಕಿದ್ರು, ನನಗೆ ಗೊತ್ತಿರಲಿಲ್ಲ. ಅದು ನಿನ್ನ ತಡೀತಿತ್ತು. ನಾನು ಮನೇಲೇ ಕೂತು ನೋಡ್ತಿದ್ದೆ, ನನಗೆ ತೆರೀತಿತ್ತು, ಅದಕ್ಕೆ..."

"ಚಿಕ್ಕಮ್ಮನೂ ಹಾಗೇ ಅಂದ್ರು. ನಾನೂ ಹಾಗೇ ಅಂದ್ಕೊಂಡಿದ್ದೆ. ಅಪ್ಪ ಬಾಗಿಲು ಹಾಕೋರಲ್ಲ, ಏನೋ ಕೆಟ್ಟಿದೆ, ಸರಿ ಮಾಡ್ತಾರೆ ಅಂತ." ಆಮೇಲೆ ಕೇಳಿದಳು, "ಸ್ಟೇಷನ್ನನ್ನೂ ಆ ಡಬ್ಬೀನೇ ಒಡೆದು ಹಾಕ್ತಾ?"

ಒಂದು ಸ್ಕೂಟರು ಹಾರ್ನ್ ಮಾಡಿ ಲಿಫ್ಟಣ್ಣನನ್ನು ಬಳಸಿಕೊಂಡು ಹೋಯಿತು.

"ನೀನು ಬರಲ್ಲ ಅಂದ್ಕೊಂಡೆ" ಅಂದ ಕೊನೆಗೆ.

"ಹೂಂ. ನಾನು, ಬಾಗಿಲು ಕೆಟ್ಟಿದೆ ಅಂದ್ಕೊಂಡೆ. ನೀವು, ನಾನು ಬರಲ್ಲ ಅಂದ್ಕೊಂಡ್ರಿ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. "ಇರ್ಲಿ ಬಿಡಿ. ಊಟ ಸರಿಯಾಗಿ ಮಾಡಿ. ನನಗೆ ಡ್ಯೂಟಿಗೆ ಹೊತ್ತಾಯ್ತು, ಇಡ್ತೀನಿ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಲಿಫ್ಟಣ್ಣ ಸ್ಟೇಷನ್ನನ್ನು ಮತ್ತೆ ಕಟ್ಟಿದ. ಚಾವಣಿ ಕೆಂಪಾಗಿಯೇ ಬಂತು, ಗಡಿಯಾರವೂ ಬಂತು. ಬೆಂಚು ಹಳಿಯ ಕಡೆ ಮುಖ ಮಾಡಿತ್ತೋ ಹೊಳೆಯ ಕಡೆಗೋ ಎಂಬುದು ಮಾತ್ರ ನೆನಪಾಗಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳೇನೋ, ಅವನು ಕೇಳಲಿಲ್ಲ. ಈಗ ಅಪ್ಪ ಮಗಳು ಫೋನಿನಲ್ಲಿ ಮಾತಾಡುತ್ತಾರೆ. ವಾರಕ್ಕೊಮ್ಮೆ ಇವನೇ ಮಾಡುತ್ತಾನೆ, ಅವಳು ಎತ್ತುತ್ತಾಳೆ. ಆರೋಗ್ಯ ವಿಚಾರಿಸುತ್ತಾಳೆ, ಮೊಣಕಾಲು ನೋವು ಹೇಗಿದೆ ಅನ್ನುತ್ತಾಳೆ, ಬಿಸಿಲಲ್ಲಿ ಓಡಾಡಬೇಡಿ ಅನ್ನುತ್ತಾಳೆ. ಒಂದು ಮಾತೂ ಕೆಟ್ಟದ್ದಲ್ಲ. ಆಟದ ಸುದ್ದಿಯನ್ನು ಅವಳು ಎತ್ತುವುದಿಲ್ಲ, ಇವನಿಗೆ ಎತ್ತುವ ಧೈರ್ಯವಿಲ್ಲ. ಬೀದಿಯವರು, ಅಂತೂ ಲಿಫ್ಟಣ್ಣನ ಹಟ ಮುರಿಯಿತು, ಮನೆ ಒಂದಾಯಿತು ಎಂದು ಖುಷಿಪಡುತ್ತಾರೆ. ತಮ್ಮನ ಮನೆಯಲ್ಲಿ ಕೂತು ಚಹಾ ಕುಡಿಯುವಾಗ ಇವನೂ ಹೌದು ಹೌದು ಅನ್ನುತ್ತಾನೆ.

ಭಾನುವಾರ ಊಟವಾದ ಮೇಲೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಬೀದಿಯ ತಿರುವಿಗೆ ಹೋಗುತ್ತಾನೆ. ವೈಫೈ ಆರಿಸಿ, ಹೊರಗಿನಿಂದ ಒತ್ತಿ ನೋಡುತ್ತಾನೆ. ಬಟ್ಟೆ ಹರವುತ್ತಿರುವ ತಮ್ಮನ ಹೆಂಡತಿ ಬಾಲ್ಕನಿಯಿಂದ ಬಗ್ಗಿ ಕೇಳುತ್ತಾಳೆ.

"ತೆರೀತಾ ಭಾವ?"

"ತೆರೀತಮ್ಮ. ಚೆನ್ನಾಗಿ ತೆರೀತು."

ಆಮೇಲೆ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕೂರುತ್ತಾನೆ. ಗಾಡಿ ಬರುತ್ತದೆ, ಸ್ಟೇಷನ್ನಿನಲ್ಲಿ ನಿಲ್ಲುತ್ತದೆ, ಖಾಲಿ ಹೊರಡುತ್ತದೆ.